ಇನ್ಸ್‌ಬ್ರುಕ್ ಆಗಲಿ, ಆಮೇಲೆ

ಮಾರ್ಚ್ 8, ಶನಿವಾರ. ಸಂಜೆ

ಗ್ಯಾಸ್ ಮತ್ತೊಮ್ಮೆ ನೋಡಿ ಬಂದೆ. ಆಫ್ ಇದೆ. ಹಿಂಬಾಗಿಲ ಚಿಲಕವೂ ಹಾಕಿದೆ. ಅವಲಕ್ಕಿ ನೆನೆಯುತ್ತಿದೆ. ಶನಿವಾರ ನನ್ನದು ಒಪ್ಪತ್ತು — ಮಧ್ಯಾಹ್ನ ಒಂದು ಊಟ, ರಾತ್ರಿಗೆ ಒಂದು ಹಿಡಿ ಅವಲಕ್ಕಿ. ಕುಂದಾಪುರದಲ್ಲಿ ಅಮ್ಮ ಹಿಡಿಸಿದ್ದು, ಲಂಡನ್ನಿನ ಹ್ಯಾರೋಗೆ ಬಂದ ಮೇಲೂ ಬಿಟ್ಟಿಲ್ಲ. ಇವತ್ತು ಎರಡು ಹಿಡಿ ಹಾಕಿದ್ದೇನೆ.

ನವ್ಯಾ ಸೆಲೆಕ್ಟ್ ಆದಳು!! ಕ್ಲೈಂಬಿಂಗ್ ಕ್ಲಬ್ಬಿನಿಂದ ಮೂರೇ ಮಕ್ಕಳು. ಜೂನ್‌ನಲ್ಲಿ ಆಸ್ಟ್ರಿಯಾಕ್ಕೆ. ಇನ್ಸ್‌ಬ್ರುಕ್ ಅಂತ ಊರು. ಫೋನಿನಲ್ಲಿ ಕಿರುಚಿದಾಗ ನಾನು ಬಸ್ಸಿನಲ್ಲಿದ್ದೆ. ಗೋಡೆಯಿಂದ ಬಿದ್ದಳು, ಕಾಲು ಹೋಯಿತು ಅಂದುಕೊಂಡೆ. ಪಕ್ಕದ ಸೀಟಿನ ಮುದುಕಿ ಹೆದರಿ ನನ್ನ ಕೈ ಹಿಡಿದುಕೊಂಡಳು. ಒಳ್ಳೆಯ ಸುದ್ದಿಗೂ ನನಗೆ ಗಾಬರಿ. ಇದಕ್ಕೇ ನಮ್ಮ ಡಾಕ್ಟರು, ಜಿಪಿ, ಹೇಳಿದ್ದು, ತಲೆಯಲ್ಲಿ ಸುತ್ತುವುದನ್ನೆಲ್ಲ ಬರೆದುಬಿಡಿ ಅಂತ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳ ಬರಹ... ಯಾರೂ ನೋಡದಿದ್ದರೆ ಸಾಕು.

ಬಂದವಳೇ ಅಡುಗೆಮನೆಯ ಕಟ್ಟೆ ಹತ್ತಿ ಕೂತಳು. "ಅಮ್ಮಾ, ನಿನ್ನ ಸ್ಯಾಟರ್ಡೇ ಥಿಂಗ್ ನಾನೂ ಮಾಡ್ತೆ. ಅಂಟಿಲ್ ಇನ್ಸ್‌ಬ್ರುಕ್."

ದೇವರಿಗೆ ಕೈ ಮುಗಿ ಎಂದರೆ ಎರಡು ಅಂಗೈ ಮಧ್ಯೆ ಫೋನ್ ಇಟ್ಟುಕೊಂಡೇ ಮುಗಿಯುವ ಹುಡುಗಿ. ಹದಿನೈದಕ್ಕೆ ಬುದ್ಧಿ ಬಂತು ನೋಡು. ಇಲ್ಲಿ ಹುಟ್ಟಿದ ಮಕ್ಕಳಲ್ಲಿ ಯಾರಿಗೆ ಬರುತ್ತದೆ?

ಇವರು ಅಡುಗೆ ಮಾಡುವ ರೇನರ್ಸ್ ಲೇನ್ ಹೋಟೆಲಿಗೆ ಫೋನ್ ಮಾಡಿ ಹೇಳಿದೆ. ಅಡುಗೆಯವರ ಪ್ರಶ್ನೆ ಬೇರೆ ಏನಿರುತ್ತದೆ — "ಅಲ್ಲಿ ಉಂಬುಕೆ ಎಂತ ಸಿಕ್ಕತ್ತ್?"

ಮಾರ್ಚ್ 11, ಮಂಗಳವಾರ

ನಿದ್ದೆ ಸರಿ ಇಲ್ಲ. ಇನ್ಸ್‌ಬ್ರುಕ್ ಎಲ್ಲಿದೆ ಎಂದು ಫೋನಿನಲ್ಲಿ ನೋಡಿದೆ. ಪಟಗಳನ್ನು ನೋಡಿ ಇನ್ನೂ ಹೆದರಿಕೆ ಆಯಿತು. ಊರಿನ ಮಧ್ಯೆ ಟ್ರ್ಯಾಮ್ ಹೋಗುತ್ತಿದೆ, ಅಂಗಡಿ ಇದೆ, ಜನ ಐಸ್‌ಕ್ರೀಮ್ ತಿನ್ನುತ್ತಿದ್ದಾರೆ — ಬೀದಿಯ ತುದಿಗೆ ಗಕ್ಕನೆ ಬೆಟ್ಟ. ಮೇಲೆಲ್ಲ ಹಿಮ. ಬಣ್ಣಬಣ್ಣದ ಮನೆಗಳ ಸಾಲು, ಮುಂದೆ ಹಸಿರು ಹೊಳೆ. ಆ ಬೆಟ್ಟ ನೋಡಿಕೊಂಡೇ ದಿನಾ ತರಕಾರಿ ತರುತ್ತಾರೋ ಏನೋ. ಜಾರಿ ಬಿದ್ದರೆ? ನವ್ಯಾಳಿಗೆ ಕೇಳಿದರೆ ನಕ್ಕಳು. ಹತ್ತುವುದು ಆ ಬೆಟ್ಟವನ್ನಲ್ಲ, ಊರೊಳಗೆ ಕಟ್ಟಿದ ಗೋಡೆಯನ್ನಂತೆ. ಹಗ್ಗ ಕಟ್ಟಿರುತ್ತಾರಂತೆ.

ಕಾಂಪಿಟಿಷನ್ ಅಂದರೆ ನನಗೆ ಗೊತ್ತಿದ್ದದ್ದು ಹಗ್ಗಜಗ್ಗಾಟ. ಆ ಕಡೆ ಯಾರೋ ಇರುತ್ತಾರೆ, ಎಳೆಯಬೇಕು. ಇದರಲ್ಲಿ ಒಬ್ಬೊಬ್ಬರೇ ಹತ್ತುವುದು. ಉಳಿದವರನ್ನೆಲ್ಲ ಒಳಗೆ ಕೂಡಿಹಾಕುತ್ತಾರೆ, ಮುಂಚೆ ಹೋದವರು ಹೇಗೆ ಹತ್ತಿದರು ಎಂದು ಕಾಣಬಾರದು. ಎಷ್ಟು ಮೇಲೆ ಮುಟ್ಟಿದರೋ ಅಷ್ಟು.

"ಹಂಗಾರೆ ನೀ ಸೋಲ್ಸುದ್ ಯಾರನ್ನ?" ಎಂದೆ.

"ಗ್ರ್ಯಾವಿಟಿ," ಎಂದಳು. ಭಾರ ಅಂತೆ. ಭೂಮಿ ಎಳೆಯುವುದು.

ನಾವು ಹೋಗುವ ಹಾಗಿಲ್ಲ. ನಮ್ಮಿಬ್ಬರದು ಇಂಡಿಯನ್ ಪಾಸ್‌ಪೋರ್ಟ್, ವೀಸಾ ಅಪಾಯಿಂಟ್‌ಮೆಂಟೇ ಸಿಗುತ್ತಿಲ್ಲ. ಅವಳೊಬ್ಬಳು ಬ್ರಿಟಿಷ್. ಕೋಚ್ ಹೆಲೆನ್ ಜೊತೆಗಿರುತ್ತಾಳೆ. ಒಳ್ಳೆಯವಳು. ಆದರೂ.

ಮಾರ್ಚ್ 30, ಭಾನುವಾರ. ಯುಗಾದಿ

ಕನ್ನಡದವರ ಕೂಟ, ಹ್ಯಾರೋದ ಶಾಲೆಯ ಹಾಲಿನಲ್ಲಿ. ಸಟನ್‌ನಿಂದ ಶೋಭಾ ಬಂದಿದ್ದರು. ಬೆಂಗಳೂರಿನವರು, ಗಂಡ ಹೆಂಡತಿ ಇಬ್ಬರೂ ಐಟಿ. ಮಗ ಯಶಸ್‌ಗೆ ಪರೀಕ್ಷೆ ಬರೆದು ಸೇರುವ ಗ್ರಾಮರ್ ಸ್ಕೂಲ್ ಸಿಗಲೆಂದು ಇಲ್ಲಿಯ ಮನೆ ಮಾರಿ ಅಲ್ಲಿಗೆ ಹೋದವರು. ಸಿಕ್ಕಿತು. ಈಗ ಮಗಳು ಸ್ಪಂದನಾಳ ಸರದಿ. ಹತ್ತು ವರ್ಷ. ಸೆಪ್ಟೆಂಬರ್‌ನಲ್ಲಿ ಇಲೆವೆನ್ ಪ್ಲಸ್ ಪರೀಕ್ಷೆ. ಹೋಳಿಗೆಯ ಪಕ್ಕದಲ್ಲಿ ಲೆಕ್ಕದ ಪುಸ್ತಕ ಬಿಡಿಸಿಕೊಂಡು ಊಟಕ್ಕೆ ಕೂತಿತ್ತು ಮಗು.

ಕೂಟದಲ್ಲಿ ನಾನು ಬಡಿಸುವವಳು. ಶಾಲೆಯಲ್ಲಿ ಮಕ್ಕಳಿಗೆ ಊಟ ಬಡಿಸುವ ಡಿನ್ನರ್ ಲೇಡಿ, ಇಲ್ಲಿಯೂ ಸೌಟು. ನನ್ನ ಮಗಳು ಏನು ಓದುತ್ತಾಳೆ ಎಂದು ಇಷ್ಟು ವರ್ಷ ಯಾರೂ ಕೇಳಿದವರಲ್ಲ. ಇವತ್ತು ಎಲ್ಲರೂ ಕೇಳಿದರು. ಇನ್ಸ್‌ಬ್ರುಕ್ ಅಂತ ಹೇಳುವುದನ್ನು ಬಸ್ಸಿನಲ್ಲಿ ಅಭ್ಯಾಸ ಮಾಡಿಕೊಂಡಿದ್ದೆ.

ನವ್ಯಾ ಬೇವು ಬೆಲ್ಲ ತಿಂದಳು, ಕೋಸಂಬರಿ ಚೂರು. ಹೋಳಿಗೆ ಮುಟ್ಟಲಿಲ್ಲ.

"ಯಾಕಮ್ಮಾ, ಹಬ್ಬದ ದಿನವೂ ಡಯಟ್ಟಾ?" ಎಂದರು ಶೋಭಾ.

"ಡಯಟ್ ಅಲ್ಲ ಮಾರಾಯ್ರೆ, ವ್ರತ," ಎಂದೆ ನಾನು. "ಶನಿವಾರ ಒಪ್ಪತ್ತು. ಸೋಮವಾರನೂ ಹಿಡಿದಿದ್ದಾಳೆ. ಕಾಂಪಿಟಿಷನ್ ಮುಗಿಯೋ ತನಕ ಸಿಹಿ ಬಿಟ್ಟಿದ್ದಾಳೆ. ನಾನು ಹೇಳಿದ್ದಲ್ಲ, ಅವಳೇ."

"ಅಯ್ಯೋ, ಎಂಥಾ ಮಗಳು ಕಣ್ರೀ! ನಮ್ಮನೇಲಿ ಒಂದಿನ ಚಿಕನ್ ನಗೆಟ್ಸ್ ಇಲ್ಲಾಂದ್ರೆ ಮುಷ್ಕರ."

ನಾಲ್ಕು ಜನ ತಿರುಗಿ ನೋಡಿದರು. ಸೌಟು ಹಿಡಿದವಳು ಅಷ್ಟು ಎತ್ತರಕ್ಕೆ ನಿಂತದ್ದು ಇದೇ ಮೊದಲು. ಸ್ಪಂದನಾ ಕಣ್ಣರಳಿಸಿಕೊಂಡು ನವ್ಯಾಳನ್ನೇ ನೋಡುತ್ತಿತ್ತು.

ಏಪ್ರಿಲ್ 7, ಸೋಮವಾರ

ಇವರು ಇವತ್ತು ಮನೆಯಲ್ಲಿ. ಮಧ್ಯಾಹ್ನ ಮೀನು ಸಾರು ಮಾಡಿದ್ದರು. ನವ್ಯಾ ಬರಲಿಲ್ಲ. ಸೋಮವಾರ ಅಂದಳು. ನಾಳೆ ಏಕಾದಶಿ, ಅದೂ ಇದೆಯಂತೆ. ಏಕಾದಶಿ ಯಾವತ್ತು ಅಂತ ಫೋನಿನಲ್ಲೇ ನೋಡಿಕೊಂಡಿದ್ದಾಳೆ.

"ಒಂದ್ ಹುಡ್ಗಿಗೆ ಎಷ್ಟ್ ದೇವ್ರ್ ಮಾರಾಯ್ತಿ?" ಎಂದರು ಇವರು. "ಊರಿನ್ ಮಕ್ಕಳಿಗೆಲ್ಲ ದೋಸೆ ಹೊಯ್ತೆ ನಾನ್. ನನ್ ಮಗ್ಳ್ ಮಾತ್ರ ಉಪಾಸ."

"ಹ್ವಾಯ್, ಸುಮ್ನೆ ಕೂಕಣಿ ಕಾಂಬ. ದೇವ್ರ್ ವಿಷ್ಯ."

ಎದ್ದು ಪಾತ್ರೆ ತೊಳೆಯಲು ನಿಂತರು. ಮೀನು ಸಾರು ನಾನೊಬ್ಬಳೇ ಬಡಿಸಿಕೊಂಡು ಉಂಡೆ. ಗಂಟಲಲ್ಲಿ ಮುಳ್ಳು ಸಿಕ್ಕಿದಂತೆ ಆಯಿತು, ಇರಲಿಲ್ಲ. ಮೂರು ಸಲ ಕೆಮ್ಮಿ ನೋಡಿದೆ.

ಮುಖ ಸಣ್ಣಗಾಗಿದೆ ಅವಳದು. ಪ್ರಾಕ್ಟೀಸ್ ಜಾಸ್ತಿ. ಹೀಟಿಂಗ್ ಹಾಕಿದ್ದರೂ ಮನೆಯೊಳಗೆ ದಪ್ಪ ಜಾಕೆಟ್.

ಏಪ್ರಿಲ್ 24, ಗುರುವಾರ. ಕೆಲಸದಿಂದ ಬಂದು

ಹೆಲೆನ್ ಫೋನ್ ಮಾಡಿದ್ದಳು. ಇಂಗ್ಲಿಷ್ ಫೋನ್ ಬಂದರೆ ಎದೆ ಹೊಡೆದುಕೊಳ್ಳುತ್ತದೆ. ನಿಧಾನಕ್ಕೆ ಮಾತಾಡಿದಳು, ನನಗೆ ತಿಳಿಯಲಿ ಎಂದು.

ನವ್ಯಾ ಚೆನ್ನಾಗಿ ಹತ್ತುತ್ತಿದ್ದಾಳೆ. ಆದರೆ ತುಂಬ ಸಣ್ಣಗಾಗಿದ್ದಾಳೆ. ಪ್ರಾಕ್ಟೀಸ್ ಮಧ್ಯೆ ಎಲ್ಲರೂ ತಿನ್ನುವಾಗ ಹೊರಗೆ ಹೋಗುತ್ತಾಳೆ. ಮನೆಯಲ್ಲಿ ಊಟ ಸರಿ ಮಾಡುತ್ತಾಳಾ?

ನನಗೆ ಒಮ್ಮೆಗೇ ಸಿಟ್ಟು ಬಂತು. ನಾನು ಊಟ ಹಾಕುತ್ತಿಲ್ಲ ಅಂತಲಾ? ಅಪ್ಪ ಅಡುಗೆಯವನು, ಅಮ್ಮ ಡಿನ್ನರ್ ಲೇಡಿ. ಫಾಸ್ಟಿಂಗ್ ಎಂದೆ. ರಿಲಿಜನ್ ಎಂದೆ. ಅವರ್ ಫ್ಯಾಮಿಲಿ, ಎವ್ರಿ ವೀಕ್, ಮೈ ಮದರ್ ಆಲ್ಸೋ.

ಹೆಲೆನ್ ಸಾರಿ ಎಂದಳು. ನಿಮ್ಮ ಧರ್ಮದ ವಿಷಯ, ನಾನು ಕೇಳಬಾರದಿತ್ತು ಎಂದಳು. ಬೇರೆ ದಿನಗಳಲ್ಲಿ ಚೆನ್ನಾಗಿ ತಿನ್ನಲಿ ಎಂದು ಮಾತ್ರ ಹೇಳಿ ಇಟ್ಟಳು.

ಒಬ್ಬ ಇಂಗ್ಲಿಷಿನವಳಿಗೆ ಉತ್ತರ ಕೊಟ್ಟು ಬಾಯಿ ಮುಚ್ಚಿಸಿದೆನಲ್ಲ ಅಂತ ಮೊದಲು ಖುಷಿಯಾಯಿತು. ಚಹಾ ಮಾಡಿಕೊಂಡೆ. ಕುಡಿಯುತ್ತಾ ಕುಡಿಯುತ್ತಾ ಖುಷಿ ಹೋಯಿತು. ಬೇರೆ ದಿನ ಅಂದಳಲ್ಲ. ಬೇರೆ ದಿನ ಯಾವುದು? ಶನಿವಾರ ಒಪ್ಪತ್ತು, ಸೋಮವಾರ, ಏಕಾದಶಿ, ಸಂಕಷ್ಟಿ, ಈಗ ಗುರುವಾರ ರಾಯರು. ಉಳಿದ ದಿನ ಸ್ಕೂಲಿನಲ್ಲಿ ತಿಂದೆ ಅನ್ನುತ್ತಾಳೆ.

ಸುಮ್ಮನೆ ನನ್ನ ಗಾಬರಿ ಇರಬೇಕು. ಎಲ್ಲದಕ್ಕೂ ಗಾಬರಿ ಬೀಳುವವಳು ಯಾವುದಕ್ಕೆ ಬೀಳಬೇಕು ಅಂತ ಹೇಗೆ ತಿಳಿಯಬೇಕು?

ಮೇ 9, ಶುಕ್ರವಾರ

ನಮ್ಮ ಶಾಲೆಯಲ್ಲಿ ಒಂದು ಹುಡುಗಿ ಇದೆ, ಊಟದ ಹೊತ್ತಿಗೆ ಕಾರ್ಡಿಗನ್ ತೋಳಿನೊಳಗೆ ಬ್ರೆಡ್ ಸೇರಿಸುತ್ತದೆ. ನನಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಇವತ್ತೂ ಹಿಡಿದೆ. ಟೀಚರ್ ಬಂದು ವಸಂತಿಯ ಕಣ್ಣು ಹದ್ದಿನ ಕಣ್ಣು ಎಂದರು. ಎಲ್ಲರೂ ನಕ್ಕರು.

ಮನೆಗೆ ಬಂದು ನವ್ಯಾಳ ಜಾಕೆಟ್ ಒಗೆಯಲು ಹಾಕುವಾಗ ಜೇಬು ನೋಡಿದೆ.

ಚಪಾತಿ. ಟಿಶ್ಯೂವಿನಲ್ಲಿ ಸುತ್ತಿದ್ದು. ಒಣಗಿ ಹಪ್ಪಳವಾಗಿದೆ. ಇನ್ನೊಂದು ಜೇಬಿನಲ್ಲಿ ಮೊನ್ನೆಯ ಇಡ್ಲಿ. ಮೊನ್ನೆ ನನ್ನೆದುರೇ ತಿಂದಳಲ್ಲ? "ಯಮ್" ಅಂದಳಲ್ಲ?

ಬಾತ್‌ರೂಮಿನ ಕಪಾಟು ತೆಗೆದೆ. ಪ್ಯಾಡಿನ ಪ್ಯಾಕೆಟ್ಟುಗಳು ಒಂದರ ಮೇಲೊಂದು. ಕ್ರಿಸ್‌ಮಸ್ ಮುಂಚೆ ನಾನು ತಂದಿಟ್ಟದ್ದು ಒಂದೂ ಒಡೆದಿಲ್ಲ. ಮುಟ್ಟು ನಿಂತು ಅಷ್ಟು ತಿಂಗಳಾಗಿದೆ.

ಹಾಗಾದರೆ ಮಾರ್ಚ್‌ನಲ್ಲಿ ಶುರುವಾದದ್ದಲ್ಲ. ಮುಂಚೆಯೇ ಇತ್ತು. ನನ್ನ ಒಪ್ಪತ್ತು ಅದಕ್ಕೊಂದು ಹೆಸರು ಕೊಟ್ಟಿತು, ಅಷ್ಟೆ. ಎಲ್ಲರೆದುರು ಹೇಳಿಕೊಳ್ಳಬಹುದಾದ ಹೆಸರು.

ಶಾಲೆಯ ಅಷ್ಟು ತಟ್ಟೆ ನೋಡುತ್ತೇನೆ. ಮನೆಯ ಒಂದು ತಟ್ಟೆ...

ಮೇ 10, ಶನಿವಾರ

ಕೇಳಿದೆ. ಚಪಾತಿ ಮೇಜಿನ ಮೇಲಿಟ್ಟು ಕೇಳಿದೆ.

ಮೊದಲು ಸುಳ್ಳು ಹೇಳಿದಳು. ಆಮೇಲೆ ಕಿರುಚಿದಳು. ಜೇಬಿಗೆ ಕೈ ಹಾಕಲು ನಾನು ಯಾರು ಅಂತ. ಆಮೇಲೆ ಅತ್ತಳು. ಜಾಕೆಟ್ ಇಲ್ಲದ ಕೈ ನೋಡಿದೆ. ನಮ್ಮ ಮನೆಯ ಸೌಟಿನ ಹಿಡಿ ಅದಕ್ಕಿಂತ ದಪ್ಪ ಇದೆ.

ಹಗುರ ಇದ್ದಷ್ಟು ಮೇಲೆ ಹೋಗಬಹುದಂತೆ. ಬೆರಳ ತುದಿಯಲ್ಲಿ ಇಡೀ ಮೈ ನೇತಾಡಬೇಕು. ಜನವರಿಯಿಂದ ಒಬ್ಬೊಬ್ಬರನ್ನೇ ದಾಟಿಕೊಂಡು ಬಂದದ್ದು ಹೀಗೇ ಅಂತೆ. ತಲೆ ತಿರುಗುತ್ತದಾ ಎಂದೆ. ಸಮ್‌ಟೈಮ್ಸ್ ಎಂದಳು. ತಿನ್ನಲು ಮನಸ್ಸಾಗುವುದಿಲ್ಲವಾ ಎಂದೆ. ಚಪಾತಿಯನ್ನು ಮತ್ತೆ ಟಿಶ್ಯೂವಿನಲ್ಲಿ ಸುತ್ತಿದಳು.

"ಸೋಮವಾರ ಜಿಪಿಗೆ ಫೋನ್ ಮಾಡ್ತೆ. ಹೆಲೆನ್‌ಗೂ ಹೇಳ್ಕ್."

ಕಾಲು ಹಿಡಿದುಕೊಂಡಳು. ನಿಜವಾಗಿ, ನೆಲಕ್ಕೆ ಕೂತು. ಚಿಕ್ಕಂದಿನಿಂದ ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷ್ ಬೆರೆಸಿಯೇ ಉತ್ತರ ಕೊಟ್ಟ ಹುಡುಗಿ. ನಮ್ಮೂರ ಕನ್ನಡದಲ್ಲೇ ಹೇಳಿದಳು — "ಅಮ್ಮಾ, ಹೇಳ್ಬ್ಯಾಡ. ಇನ್ಸ್‌ಬ್ರುಕ್ ಆಗ್ಲಿ. ಆಮೇಲೆ ಉಣ್ತೆ. ನೀ ಹಾಕಿದ್ದೆಲ್ಲ ಉಣ್ತೆ."

ಹೇಳಿದರೆ ಕರೆದುಕೊಂಡು ಹೋಗುವುದಿಲ್ಲ. ಅದು ನನಗೂ ಗೊತ್ತು. ಇನ್ನು ಆರು ವಾರ. ಇಷ್ಟು ದಿನ ಇದ್ದದ್ದು ಇನ್ನಷ್ಟು ದಿನ. ದಿನಾ ಬೆಳಿಗ್ಗೆ ಒಂದು ಲೋಟ ರಾಗಿ ಅಂಬಲಿ ನನ್ನೆದುರು ಕುಡಿಯಬೇಕು, ಕುಡಿದ ಮೇಲೆ ಪಕ್ಕದಲ್ಲೇ ಕೂರಬೇಕು ಎಂದೆ. ಒಪ್ಪಿದಳು. ದೇವರ ಮುಂದೆ ಕೈ ಇಡಿಸಿ ಹೇಳಿಸಿದೆ.

ಇವರಿಗೆ ಹೇಳಿಲ್ಲ.

ಕೂಟದಲ್ಲೆಲ್ಲ ಹೇಳಿಯಾಗಿದೆ, ಊರಿಗೂ ಫೋನ್ ಮಾಡಿ ಹೇಳಿಯಾಗಿದೆ — ಅದೂ ತಲೆಯಲ್ಲಿ ಬಂತು. ಬರಬಾರದಿತ್ತು. ಬಂತು.

ಜೂನ್ 21, ಶನಿವಾರ. ಹೋಟೆಲಿನಲ್ಲಿ

ಇಷ್ಟು ದಿನ ಬರೆಯಲಿಲ್ಲ. ಬರೆದರೆ ಓದಬೇಕಾಗುತ್ತದೆ.

ಗುರುವಾರ ಹೋದಳು. ಏರ್‌ಪೋರ್ಟಿನಿಂದ ಒಂದು ಪಟ, ಆಮೇಲೆ ಆ ಊರಿನದು. ಹಸಿರು ಹೊಳೆಯ ಸೇತುವೆ ಮೇಲೆ ನಿಂತಿದ್ದಾಳೆ, ಹಿಂದೆ ಬೆಟ್ಟ. ಬೇಸಿಗೆ, ಉಳಿದಿಬ್ಬರು ಹುಡುಗಿಯರು ತೋಳಿಲ್ಲದ ಅಂಗಿ. ಇವಳದು ಜಾಕೆಟ್.

ಇವತ್ತು ಲೈವ್ ಇತ್ತು. ಮಧ್ಯಾಹ್ನದ ಊಟ ಮುಗಿದು ಸಂಜೆಯದು ಶುರುವಾಗುವ ಮುಂಚೆ ಹೋಟೆಲ್ ಬಾಗಿಲು ಹಾಕುತ್ತಾರಲ್ಲ, ಆಗ. ಸಾಂಬಾರಿನ ಡಬರಿಗೆ ಒರಗಿಸಿ ಫೋನ್ ಇಟ್ಟೆವು. ನಾನು, ಇವರು, ದೋಸೆ ಕಲ್ಲಿನ ವಾಸು.

ಗೋಡೆ ನಮ್ಮ ಕಡೆಗೇ ವಾಲಿಕೊಂಡಿದೆ, ಬಿದ್ದುಬಿಡುತ್ತದೇನೋ ಅನ್ನುವ ಹಾಗೆ. ಅದರ ತಲೆಯ ಮೇಲೆ ನಿಜವಾದ ಬೆಟ್ಟ. ಒಬ್ಬೊಬ್ಬಳೇ ಬರುತ್ತಾಳೆ, ಹತ್ತುತ್ತಾಳೆ, ಬೀಳುತ್ತಾಳೆ, ಹಗ್ಗದಲ್ಲಿ ತೂಗಾಡುತ್ತಾಳೆ. ಜನ ಚಪ್ಪಾಳೆ ತಟ್ಟುತ್ತಾರೆ.

ನವ್ಯಾ ಬಂದಾಗ ಜಾಕೆಟ್ ತೆಗೆದಳು. ಕ್ಯಾಮೆರಾ ಬೆನ್ನಿನ ಹತ್ತಿರ ಹೋಯಿತು. ಎಲುಬೆಲ್ಲ ಕಾಣುತ್ತಿತ್ತು, ಮೀನಿನ ಮುಳ್ಳಿನ ಹಾಗೆ. ವಾಸು ಏನೋ ಹೇಳಲು ಹೋಗಿ ಇವರ ಮುಖ ನೋಡಿ ನಿಲ್ಲಿಸಿದ.

ಹತ್ತಿದಳು. ಎಲ್ಲರೂ ಬಿದ್ದ ಕಡೆ ಇವಳು ನಿಂತು ಕೈಗೆ ಪುಡಿ ಹಚ್ಚಿಕೊಂಡು ಮುಂದೆ ಹೋದಳು. ಮಾತಾಡುವವನು ಇಂಗ್ಲಿಷಿನಲ್ಲಿ ಹೇಳುತ್ತಿದ್ದ — ಎಷ್ಟು ಹಗುರ, ಎಷ್ಟು ಹಗುರ, ತೂಕವೇ ಇಲ್ಲದ ಹಾಗೆ ಹತ್ತುತ್ತಿದ್ದಾಳೆ ಅಂತ. ಹೊಗಳಿಕೆ ಅದು. ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಬೀಳಲಿ ಅಂದುಕೊಂಡೆ. ನನ್ನ ಮಗಳು, ಬೀಳಲಿ ಅಂದುಕೊಂಡೆ. ಕೊನೆಯ ಸ್ಥಾನ ಬರಲಿ, ಅಳುತ್ತಾ ಮನೆಗೆ ಬರಲಿ, ಇದರಿಂದ ಏನೂ ಸಿಗುವುದಿಲ್ಲ ಅಂತ ಗೊತ್ತಾಗಲಿ.

ಬೀಳಲಿಲ್ಲ. ತುದಿ ಮುಟ್ಟಿದಳು.

ಫಸ್ಟ್.

ವಾಸು ದೋಸೆ ಮಗುಚುವ ಕೈಯಿಂದ ಕೌಂಟರಿಗೆ ಬಡಿದ. ಇವರು ಅತ್ತರು. ನಾನು ಕೋಲ್ಡ್ ರೂಮಿನೊಳಗೆ ಹೋಗಿ ಹಾಲಿನ ಕ್ರೇಟಿನ ಮೇಲೆ ಕೂತೆ. ಖುಷಿಗೆ ಅಂದುಕೊಂಡರು.

ಜೂನ್ 24, ಮಂಗಳವಾರ

ಬಂದಳು. ಮೆಡಲ್ ನನ್ನ ಕೊರಳಿಗೆ ಹಾಕಿದಳು. ತಣ್ಣಗಿತ್ತು.

ಅನ್ನ, ತಿಳಿಸಾರು, ಬೀನ್ಸ್ ಪಲ್ಯ. ಚಿಕ್ಕಂದಿನಿಂದ ಇಷ್ಟದ್ದು. ಬಡಿಸಿದೆ. "ಇನ್ಸ್‌ಬ್ರುಕ್ ಆಯ್ತಲ್ಲ. ಬಾ."

ಅನ್ನವನ್ನು ಬೆರಳಲ್ಲಿ ಸುತ್ತಿಸಿ ಸುತ್ತಿಸಿ ಇಟ್ಟಳು. ಅಕ್ಟೋಬರ್‌ನಲ್ಲಿ ಮತ್ತೆ ಕರೆದಿದ್ದಾರಂತೆ. ಅದೇ ಊರು. ಇದಕ್ಕಿಂತ ದೊಡ್ಡದು. ಈಗ ಎಲ್ಲರಿಗೂ ತನ್ನ ಹೆಸರು ಗೊತ್ತು, ಎಲ್ಲರೂ ತನ್ನನ್ನೇ ದಾಟಲು ನೋಡುತ್ತಾರೆ. "ಆಫ್ಟರ್ ಅಕ್ಟೋಬರ್, ಅಮ್ಮಾ. ಪ್ರಾಮಿಸ್."

ದೇವರ ಮುಂದೆ ಹೇಳಿದ್ದು ಎಂದೆ. "ಐ ವನ್, ಡಿಡಂಟ್ ಐ?" ಎಂದಳು.

ಗೆದ್ದರೆ ಮುಗಿಯುತ್ತದೆ ಅಂದುಕೊಂಡಿದ್ದೆ. ಸೋತವರಿಗೆ ನಿನ್ನ ದಾರಿ ತಪ್ಪು ಅನ್ನಬಹುದು. ಗೆದ್ದವಳಿಗೆ ಏನು ತೋರಿಸಿ ಹೇಳುವುದು? ಕೊರಳಲ್ಲಿ ಮೆಡಲ್ ಇದೆ.

ಸ್ನಾನಕ್ಕೆ ಹೋದವಳು ಬಹಳ ಹೊತ್ತು ಬರಲಿಲ್ಲ. ಬಾಗಿಲ ಹೊರಗೆ ನಿಂತಿದ್ದೆ. ಬಚ್ಚಲಿನಲ್ಲಿ ಕೂದಲು, ಹಿಡಿಯಷ್ಟು.

ಜುಲೈ 5, ಶನಿವಾರ. ಸಂಜೆ

ಆದದ್ದು ಆದ ಹಾಗೆ ಬರೆಯುತ್ತೇನೆ.

ಕೂಟದವರು ನವ್ಯಾಳಿಗೆ ಸನ್ಮಾನ ಇಟ್ಟಿದ್ದರು. ಶಾಲು, ಹಣ್ಣಿನ ಬುಟ್ಟಿ. ಹಿಂದೆ ದೊಡ್ಡ ಪರದೆಯ ಮೇಲೆ ಇನ್ಸ್‌ಬ್ರುಕ್‌ನ ಪಟ. ಇವತ್ತು ನನ್ನ ಕೈಗೆ ಸೌಟು ಕೊಡಲಿಲ್ಲ. ಮುಂದಿನ ಸಾಲಿನ ಕುರ್ಚಿ.

ಪಕ್ಕದಲ್ಲಿ ಶೋಭಾ. ನನ್ನ ಕೈ ಹಿಡಿದುಕೊಂಡು ಹೇಳಿದರು — "ವಸಂತಿಯವರೇ, ನಿಮಗೊಂದು ಥ್ಯಾಂಕ್ಸ್ ಹೇಳ್ಬೇಕು ಕಣ್ರೀ. ನಿಮ್ಮ ನವ್ಯಾನ ನೋಡಿ ನಮ್ಮ ಸ್ಪಂದನಾನೂ ಶನಿವಾರ ಊಟ ಬಿಟ್ಟಿದ್ದಾಳೆ! ಇಲೆವೆನ್ ಪ್ಲಸ್ ಮುಗಿಯೋವರೆಗೂ ಅಂತೆ. ಈಗ ಸೋಮವಾರನೂ ಬೇಕಂತೆ. ನಾನು ಹೇಳೇ ಇಲ್ಲ, ತಾನಾಗೇ. ಎಷ್ಟು ಖುಷಿ ಗೊತ್ತಾ ನಮ್ಮತ್ತೆಗೆ."

ನಾನು ಹೇಳಿದ ಮಾತೇ. ಅವಳೇ, ನಾನು ಹೇಳಿದ್ದಲ್ಲ.

ಸ್ಪಂದನಾ ಅಮ್ಮನ ಆ ಕಡೆ ಕೂತಿತ್ತು. "ನವ್ಯಾ ಅಕ್ಕ ಡಿಡ್ ಇಟ್ ಆ್ಯಂಡ್ ಶೀ ವನ್," ಎಂದಿತು ನನಗೆ. ಕಾಲು ನೆಲ ಮುಟ್ಟುವುದಿಲ್ಲ ಇನ್ನೂ.

ಅಷ್ಟರಲ್ಲಿ ಅಧ್ಯಕ್ಷರು, ಅಶ್ವತ್ಥನಾರಾಯಣರು, ಮೈಕಿನಲ್ಲಿ ನನ್ನನ್ನು ಕರೆದರು. "ಈ ಗೆಲುವಿನ ಹಿಂದೆ ತಾಯಿಯ ವ್ರತ ಇದೆ, ಮಗಳ ಉಪವಾಸ ಇದೆ. ವಿದೇಶದಲ್ಲೂ ನಮ್ಮ ಸಂಸ್ಕೃತಿ..." ಚಪ್ಪಾಳೆ. ಎರಡು ಮಾತು ಹೇಳಿ ಎಂದರು.

ಮೈಕು ಹಿಡಿದದ್ದು ಜೀವಮಾನದಲ್ಲಿ ಮೊದಲ ಸಲ. ನನ್ನ ಉಸಿರು ನನಗೇ ದೊಡ್ಡದಾಗಿ ಕೇಳಿತು.

"ಉಪವಾಸ ಅಲ್ಲ," ಎಂದೆ. "ನನ್ನ ಮಗಳು ಉಣ್ಣೂದಿಲ್ಲ. ಅದಕ್ಕೆ ದೇವ್ರ ಹೆಸರಿಟ್ಟದ್ದು ನಾನು. ಅವಳಿಗೆ ಹುಷಾರಿಲ್ಲ. ಯಾರ ಮಕ್ಕಳೂ ಇದನ್ನ ಮಾಡ್ಬೇಡಿ. ಶೋಭಾ, ಮಗಿಗೆ ಊಟ ಹಾಕಿ. ಈಗ್ಲೇ ಹಾಕಿ."

ಹಿಂದೆ ಯಾರೋ ಮಾತು ಮುಗಿಯಿತೆಂದು ಚಪ್ಪಾಳೆ ತಟ್ಟಲು ಹೋಗಿ ನಿಲ್ಲಿಸಿದರು. ಅಶ್ವತ್ಥನಾರಾಯಣರು ಮೈಕು ಮೆಲ್ಲಗೆ ನನ್ನ ಕೈಯಿಂದ ಬಿಡಿಸಿಕೊಂಡರು. "ತಾಯಿ ಹೃದಯ," ಎಂದರು. "ಸ್ವಲ್ಪ ಭಾವುಕರಾಗಿದ್ದಾರೆ. ಈಗ ಮಕ್ಕಳಿಂದ ನೃತ್ಯ."

ನವ್ಯಾ ಶಾಲನ್ನು ಕುರ್ಚಿಯ ಮೇಲಿಟ್ಟು ಹೊರಗೆ ಹೋದಳು. ಓಡಲಿಲ್ಲ. ನಡೆದೇ ಹೋದಳು.

ಜುಲೈ 6, ಭಾನುವಾರ

ನವ್ಯಾ ನನ್ನೊಡನೆ ಮಾತು ಬಿಟ್ಟಿದ್ದಾಳೆ. ನಿನ್ನೆ ಕಾರಿನಲ್ಲಿ ಒಂದೇ ಮಾತು ಆಡಿದ್ದು. "ಯು ಲೈಕ್ಡ್ ಇಟ್. ಯು ಟೋಲ್ಡ್ ಎವ್ರಿಒನ್. ನಾನು ಸಣ್ಣಗಾದಷ್ಟೂ ನೀನು ಖುಷಿಯಾದೆ." ಕೊನೆಯದನ್ನು ಕನ್ನಡದಲ್ಲಿ ಹೇಳಿದಳು, ನನಗೆ ಸರಿಯಾಗಿ ತಿಳಿಯಲಿ ಎಂದು.

ಇವರಿಗೆ ಎಲ್ಲ ಹೇಳಿದೆ, ಚಪಾತಿಯಿಂದ ಹಿಡಿದು. ಬಯ್ಯುತ್ತಾರೆ ಅಂದುಕೊಂಡಿದ್ದೆ.

"ನಂಗೂ ಕಂಡಿತ್ತ್," ಎಂದರು. "ನಾ ಎಂತ ಕುರ್ಡನಾ? ನೀ ಅಷ್ಟ್ ಖುಷಿಯಂಗೆ ಇದ್ದೆ. ಹೆಂಗ್ ಹೇಳೂದ್?"

ಒಂದೇ ಮನೆಯಲ್ಲಿ ಇಬ್ಬರೂ ನೋಡಿದ್ದೇವೆ. ಇಬ್ಬರೂ ಬಾಯಿ ಮುಚ್ಚಿಕೊಂಡಿದ್ದೇವೆ.

ಹೆಲೆನ್‌ಗೆ ಫೋನ್ ಮಾಡಿದೆ. ನಾಟ್ ರಿಲಿಜನ್, ಎಂದೆ. ಐ ಟೋಲ್ಡ್ ರಾಂಗ್. ಆ ಕಡೆ ಅವಳು ಅಳುತ್ತಿದ್ದಳು. ಕೇಳಬೇಕಿತ್ತು, ಮತ್ತೆ ಕೇಳಬೇಕಿತ್ತು, ನಿಮಗೆ ನೋವಾಗುತ್ತದೆ ಎಂದು ಹೆದರಿದೆ ಎಂದಳು. ಅಕ್ಟೋಬರ್ ಇಲ್ಲ. ಡಾಕ್ಟರ್ ಹೇಳುವ ತನಕ ಗೋಡೆ ಮುಟ್ಟುವ ಹಾಗಿಲ್ಲ.

ಶೋಭಾ ಫೋನ್ ಎತ್ತುತ್ತಿಲ್ಲ. ಮೆಸೇಜ್ ಮಾತ್ರ ಬಂತು — ಎಲ್ಲರ ಮುಂದೆ ನನ್ನ ಹೆಸರು ಹೇಳಬಾರದಿತ್ತು ನೀವು. ಸ್ವಲ್ಪ ಹೊತ್ತಿಗೆ ಇನ್ನೊಂದು — ಸ್ಪಂದನಾ ಊಟ ಮಾಡಿದಳು.

ಜುಲೈ 8, ಮಂಗಳವಾರ. ಆಸ್ಪತ್ರೆ

ಬೆಳಿಗ್ಗೆ ಜಿಪಿ ನೋಡಿದರು. ನಾಡಿ ಹಿಡಿದವರು ಬಿಡಲೇ ಇಲ್ಲ. ಸ್ಪೋರ್ಟ್ಸ್ ಮಾಡುವವರಿಗೆ ಹೃದಯ ನಿಧಾನ ಇರುತ್ತದೆ ಎಂದಳು ನವ್ಯಾ. ಇಷ್ಟಲ್ಲ ಎಂದರು. ಮನೆಗೆ ಹೋಗಬೇಡಿ, ನೇರ ಆಸ್ಪತ್ರೆಗೆ ಹೋಗಿ ಎಂದರು.

ಮಕ್ಕಳ ವಾರ್ಡು. ಗೋಡೆಯ ಮೇಲೆ ಜಿರಾಫೆ. ಎದೆಗೆ ವೈರು ಅಂಟಿಸಿದ್ದಾರೆ. ನಿದ್ದೆ ಹೋದಾಗ ಹೃದಯ ಇನ್ನೂ ನಿಧಾನವಾಗಿ ಮಿಷನ್ ಕೂಗುತ್ತದೆ. ಕೂಗಿದಾಗೆಲ್ಲ ನನ್ನದು ನಿಲ್ಲುತ್ತದೆ.

ಟಾಯ್ಲೆಟ್ಟಿಗೂ ನಡೆಯಬಾರದಂತೆ. ಗಾಲಿ ಕುರ್ಚಿ. ಆ ಗೋಡೆಯ ತುದಿ ಮುಟ್ಟಿದವಳು.

ಡಾಕ್ಟರಿಗೆ ಕೇಳಿದೆ, ಮೇ ತಿಂಗಳಲ್ಲೇ ತಂದಿದ್ದರೆ? ಈಗ ಬಂದಿರಲ್ಲ ಎಂದರು. ಅದು ಉತ್ತರ ಅಲ್ಲ. ಉತ್ತರ ಕೊಡಬಾರದು ಅಂತ ಕೊಟ್ಟದ್ದು.

ಜುಲೈ 12, ಶನಿವಾರ

ಮನೆಯವರೆಲ್ಲ ಮೂರು ಹೊತ್ತು ಉಣ್ಣಬೇಕು, ವ್ರತ ಗಿತ ಏನೂ ಇರಬಾರದು ಎಂದಿದ್ದಾರೆ ಊಟದ ವಿಷಯ ನೋಡುವವರು. ಕೆಳಗಿನ ಕ್ಯಾಂಟೀನಿನಲ್ಲಿ ಸ್ಯಾಂಡ್‌ವಿಚ್ ತಿಂದೆ. ಶನಿವಾರ ಸಂಜೆ ಹೊಟ್ಟೆ ತುಂಬ. ದೇವರೇನೂ ಅನ್ನಲಿಲ್ಲ.

ಅವಳು ತಿನ್ನುತ್ತಿಲ್ಲ. ನಿನ್ನೆ ಎರಡು ತುತ್ತು. ಇವತ್ತು ಟ್ರೇ ತಳ್ಳಿದಳು. ಸೋಮವಾರದೊಳಗೆ ತಾನಾಗಿ ಶುರು ಮಾಡದಿದ್ದರೆ ಮೂಗಿನಿಂದ ನಳಿಗೆ ಹಾಕಬೇಕಾಗುತ್ತದೆ. ಅವಳೆದುರೇ ಹೇಳಿದರು.

ಇಲ್ಲಿ ಇನ್ನೊಂದು ಹುಡುಗಿ ಇದ್ದಾಳೆ, ಪರದೆಯ ಆ ಕಡೆ. ಅವಳ ಟ್ರೇ ವಾಪಸ್ ಹೋಗುವಾಗ ನವ್ಯಾ ಕತ್ತು ಚಾಚಿ ನೋಡುತ್ತಾಳೆ. ಎಷ್ಟು ಬಿಟ್ಟಿದ್ದಾಳೆ ಅಂತ. ಇಲ್ಲಿಯೂ...

ಜುಲೈ 14, ಸೋಮವಾರ. ಮಧ್ಯಾಹ್ನ

ಊಟ ಬಂದಿದೆ. ಮ್ಯಾಶ್ ಮಾಡಿದ ಆಲೂಗಡ್ಡೆ, ಬಟಾಣಿ, ಮೊಸರು. ಇವತ್ತು ಕೊನೆಯ ಸಲ ಕೇಳುವುದು, ಆಮೇಲೆ ನಳಿಗೆ.

ನರ್ಸ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು — ಅವಳ ತಟ್ಟೆ ನೋಡಬೇಡಿ. ಮುಖವನ್ನೂ ನೋಡಬೇಡಿ. ಅಲ್ಲಿಯೇ ಕೂತಿರಿ, ಆದರೆ ಬೇರೆ ಏನಾದರೂ ಮಾಡುತ್ತಿರಿ. ಹೆಣೆಯಿರಿ, ಓದಿ, ಏನಾದರೂ. ನನಗೆ ಹೆಣೆಯಲು ಬರುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ಏನು ಬರೆಯಬೇಕೋ ಗೊತ್ತಿಲ್ಲ, ಬರೆಯುತ್ತಿದ್ದೇನೆ. ತಲೆ ಎತ್ತಬಾರದು.

ಹೊರಗೆ ಬಿಸಿಲಿದೆ. ಇವರು ಎರಡು ಗಂಟೆಯ ಮೇಲೆ ಬರುತ್ತಾರೆ. ಜಿರಾಫೆಯ ಕಾಲಿನ ಹತ್ತಿರ ಬಣ್ಣ ಕಿತ್ತುಹೋಗಿದೆ.

ಟ್ರೇ ಸರಿಯಿತು. ದೂರಕ್ಕೋ ಹತ್ತಿರಕ್ಕೋ ತಿಳಿಯಲಿಲ್ಲ.

"ಎಂತ ಬರಿತಾ ಇದ್ದೆ?" ಎಂದಳು. ಆ ಕಾರಿನ ಮಾತಾದ ಮೇಲೆ ನನ್ನೊಡನೆ ಆಡಿದ ಮೊದಲ ಮಾತು.

"ಎಂತದೂ ಇಲ್ಲ," ಎಂದೆ. ತಲೆ ಎತ್ತಲಿಲ್ಲ.

ಚಮಚದ ಸದ್ದು. ತಟ್ಟೆಗೆ ತಾಗಿತು. ಬಟಾಣಿ ಇರಬೇಕು, ಅದು ಉರುಳಿದರೆ ಹೀಗೆ ಕೇಳುತ್ತದೆ. ಶಾಲೆಯಲ್ಲಿ ಮಕ್ಕಳು ಸುಮ್ಮನೆ ತಳ್ಳಾಡುತ್ತಾರಲ್ಲ, ಆ ಸದ್ದೂ ಹೀಗೇ. ಎರಡರಲ್ಲಿ ಯಾವುದು. ಬರೆಯುತ್ತಾ ಇರಬೇಕು. ಬರೆಯುತ್ತಾ ಇದ್ದೇನೆ. ಮಿಷನ್ ಹೊಡೆದುಕೊಳ್ಳುತ್ತಿದೆ, ನಿಧಾನ, ಆದರೆ ಹೊಡೆದುಕೊಳ್ಳುತ್ತಿದೆ. ಚಮಚ ಈಗ ತಟ್ಟೆಯಲ್ಲಿಲ್ಲ. ಸದ್ದಿಲ್ಲ. ಎತ್ತಿದ್ದಾಳೆ, ಹಿಡಿದುಕೊಂಡಿದ್ದಾಳೆ, ನನ್ನನ್ನೇ ನೋಡುತ್ತಿದ್ದಾಳೆ ಅಂತ ಹಣೆಗೆ ಗೊತ್ತಾಗುತ್ತಿದೆ, ನೋಡಬಾರದು, ನಾನು ನೋ—